ಹಂಪಣ್ಣನ ಗಾಳಿ ಏತ

ನಮ್ಮ ಹಿತ್ತಲ ಕೋಣೆಯ ಬಾಡಿಗೆದಾರ ಹಂಪಣ್ಣನಷ್ಟು ಪುಕ್ಕಲನನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಜೋಗುಪಾಳ್ಯದಲ್ಲೇ ಹುಟ್ಟಿ ಬೆಳೆದು, ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ವರ್ಷಾನುಗಟ್ಟಲೆ ರವಿಕೆ ಹೊಲಿದು, ಈಗ ಕಣ್ಣು ಮಂಜಾಗಿ ಮನೆಯಲ್ಲಿ ಕೂತಿರುವ ಮುನಿಲಕ್ಷ್ಮಮ್ಮ ನಾನು. ಗಂಡಸರ ಬಡಾಯಿ ಬೇಕಾದಷ್ಟು ನೋಡಿದ್ದೇನೆ. ಒಳಗೆ ಪುಕ್‌ಪುಕ್ ಅಂದರೂ ಹೊರಗೆ ಮೀಸೆ ತಿರುವುವವರೇ ಹೆಚ್ಚು. ಹಂಪಣ್ಣನ ಹೆದರಿಕೆ ಮಾತ್ರ ಅಂಗಿಯ ಗುಂಡಿ ಇದ್ದ ಹಾಗೆ, ಬಂದವರಿಗೆಲ್ಲ ಎದುರಿಗೇ ಕಾಣುತ್ತದೆ. ಇಂಥವನ ಕೈಯಿಂದಲೇ ಅವನ ಹೆಂಡತಿಯ ಜೀವಕ್ಕೆ ಕುತ್ತು ಬಂತು. ಅವತ್ತಿನ ಹೆದರಿಕೆ ನನ್ನ ಮೈಯಿಂದ ಇನ್ನೂ ಪೂರ್ತಿ ಇಳಿದಿಲ್ಲ.

ಅವನು ಹೆದರುವುದು ಕರೆಂಟಿಗೆ. ಕೋಣೆ ನೋಡಲು ಬಂದವರೆಲ್ಲ ಕಾವೇರಿ ನೀರು ಬರುತ್ತಾ, ಬಚ್ಚಲು ಬೇರೇನಾ ಅಂತ ಕೇಳುತ್ತಾರೆ. ಇವನು ಹೊಸಿಲ ಹೊರಗೇ ನಿಂತು, "ಅಕ್ಕಾರ, ಮೇನ್ ಸ್ವಿಚ್ ಎಲ್ಲಿ ಅದರೀ?" ಎಂದ. ತೋರಿಸಿದೆ. ಹತ್ತಿರ ಹೋಗಲಿಲ್ಲ, ದೂರದಿಂದಲೇ ಕತ್ತು ನೀಡಿ ನೋಡಿದ. ಲೈಟು ಹಾಕಿ ನೋಡಪ್ಪಾ ಅಂದರೆ, ಮೂಲೆಯಲ್ಲಿದ್ದ ಪೊರಕೆ ಎತ್ತಿಕೊಂಡು ಅದರ ಹಿಡಿಯಿಂದ ಸ್ವಿಚ್ಚು ಒತ್ತಿದ. ಜೊತೆಗೆ ಬಂದಿದ್ದ ಅವನ ಹೆಂಡತಿ ಲಕ್ಷ್ಮಿದೇವಿ ನಾಚಿಕೆಯಿಂದ ಸೆರಗು ಬಾಯಿಗೆ ಒತ್ತಿಕೊಂಡಳು. ಹೊಸ ಮನೆಯಲ್ಲಿ ಗೋಡೆಗೆ ಪೊರಕೆ ತಾಗಿಸುತ್ತೀಯಲ್ಲೋ ಮಾರಾಯ ಅಂತ ಬೈದು, ಒಂದು ಕಡೆಯ ಹಿಡಿ ಮುರಿದಿದ್ದ ನನ್ನ ಹಳೇ ಲಟ್ಟಣಿಗೆ ತಂದುಕೊಟ್ಟೆ. ಅವತ್ತಿನಿಂದ ಅದು ಅವನ ಚೀಲ ಬಿಟ್ಟಿದ್ದಿಲ್ಲ. ಯಾರ ಮನೆಗೆ ಹೋದರೂ ಸ್ವಿಚ್ಚು ಒತ್ತುವುದು ನನ್ನ ಲಟ್ಟಣಿಗೆಯೇ.

ಬರೀ ನಗುವ ವಿಷಯ ಅಂದುಕೊಂಡಿದ್ದೆ. ಒಂದು ದಿನ ಹಿತ್ತಲಲ್ಲಿ ಕೂತು ತನ್ನ ಪ್ಲಂಬಿಂಗ್ ಕೆಲಸದ ಪೈಪಿಗೆ ತೂತು ಕೊರೆಯುತ್ತಾ ಅವನೇ ಹೇಳಿದ. ಗಂಡ ಹೆಂಡಿರು ರಾಯಚೂರಿನ ಮಾನ್ವಿ ಕಡೆಯವರು. ಊರಿನಿಂದ ಬಂದ ಹೊಸದರಲ್ಲಿ ಕೆ.ಆರ್. ಪುರದ ಹತ್ತಿರ ಒಂದು ಕಟ್ಟಡದ ಕೆಲಸಕ್ಕೆ ಸೇರಿ, ಅಲ್ಲೇ ತಗಡಿನ ಶೆಡ್ಡಿನಲ್ಲಿ ಇದ್ದರು. ಪಾಯದ ಗುಂಡಿಯಲ್ಲಿ ನೀರು ನಿಂತಿತ್ತು. ಎತ್ತುವುದಕ್ಕೆ ಮೋಟಾರು ಇಳಿಸಿದ್ದರು. ಅದರ ವೈರು ಎಲ್ಲೋ ಹರಿದಿದ್ದನ್ನು ಯಾರೂ ನೋಡಿರಲಿಲ್ಲ. ಅವನ ಊರಿನವನೇ ಆದ ಅಮೃತಪ್ಪ ಅಂತ ಒಬ್ಬ ಗೆಳೆಯ ಬುಟ್ಟಿ ಎತ್ತಿಕೊಳ್ಳಲು ಆ ನೀರಿಗೆ ಕಾಲಿಟ್ಟ.

"ಕೂಗಲಿಲ್ರೀ ಅಕ್ಕಾರ ಅವ. ಒದರಿದ್ರ ಗೊತ್ತಾಗ್ತಿತ್ತು. ದಣಿದು ಕೂತಾಂಗ ನೀರಾಗ ಕೂತ. ಕಾಲು ಜಾರ್ಯಾನ ಅಂತ ನಾ ದಂಡಿ ಮ್ಯಾಲ ನಿಂತು ನಗಾಕ ಹತ್ತಿದ್ದೆ."

ಅಷ್ಟು ಹೇಳಿ ಮತ್ತೆ ತೂತು ಕೊರೆಯತೊಡಗಿದ. ಆಮೇಲೆ ನಾನು ಅವನ ಲಟ್ಟಣಿಗೆ ನೋಡಿ ನಕ್ಕಿದ್ದು ಕಡಿಮೆ. ಪೂರ್ತಿ ಬಿಟ್ಟೆ ಅಂತ ಹೇಳಲಾರೆ, ನನ್ನ ಬಾಯಿಯೂ ಒಳ್ಳೆಯದಲ್ಲ.

ಅಮೃತಪ್ಪ ಹೋದ ಮೇಲೆ ಹಂಪಣ್ಣ ಕಟ್ಟಡದ ಕೆಲಸ ಬಿಟ್ಟು ಪ್ಲಂಬರ್ ಒಬ್ಬನ ಜೊತೆ ಓಡಾಡಿ ಪೈಪಿನ ಕೆಲಸ ಕಲಿತ. ಶಿವಾಜಿನಗರದಲ್ಲಿ ಆದಿಲ್ ಅಂತ ಒಬ್ಬರದು ಅಕ್ವೇರಿಯಂ ಮೀನಿನ ಅಂಗಡಿ ಇದೆ. ಅಲ್ಲಿ ನಲ್ಲಿ ಸರಿಮಾಡಲು ಹೋದವನು ಬಾಗಿಲಲ್ಲೇ ನಿಂತುಬಿಟ್ಟನಂತೆ. ಸಾಲು ಸಾಲು ಗಾಜಿನ ತೊಟ್ಟಿ, ಪ್ರತಿ ತೊಟ್ಟಿಯ ನೀರಿನಲ್ಲೂ ಒಂದು ಮೋಟಾರು ಮುಳುಗಿ ಕೂತಿದೆ, ಪ್ರತಿ ಮೋಟಾರಿಗೂ ಒಂದು ವೈರು. ಇವನ ಕಣ್ಣಿಗೆ ಅದು ಕೆ.ಆರ್. ಪುರದ ಗುಂಡಿಯನ್ನೇ ತುಂಡು ತುಂಡು ಮಾಡಿ ಗಾಜಿನಲ್ಲಿ ಇಟ್ಟ ಹಾಗೆ ಕಂಡಿತು. "ಅರೇ ಭಾಯ್, ನೀರಲ್ಲಿರೋ ಮೀನೇ ಸಾಯ್ತಿಲ್ಲ, ಹೊರಗಿರೋ ನೀನ್ ಯಾಕೆ ಸಾಯ್ತೀಯ? ಆವೋ, ಒಳಗೆ ಬಾ!" ಎಂದು ಆದಿಲ್ ಕೈಹಿಡಿದು ಎಳೆದರೂ ಬರಲಿಲ್ಲ. ಆದರೆ ಮೂಲೆಯಲ್ಲಿ ಒಂದು ಹಳೇ ತೊಟ್ಟಿ ಇತ್ತು. ಅದರಲ್ಲಿ ವೈರಿಲ್ಲ, ಮೋಟಾರಿಲ್ಲ. ಒಂದು ಕೊಳವೆಯ ಬಾಯಿಂದ ನೀರು ಗುಳುಗುಳು ಅಂತ ತಾನಾಗಿ ಮೇಲೆ ಬಂದು ಬೀಳುತ್ತಿತ್ತು. ಅದನ್ನು ನೋಡುತ್ತಾ ನೋಡುತ್ತಾ ತನಗೇ ತಿಳಿಯದೆ ಅಂಗಡಿಯ ಒಳಗೆ ಬಂದಿದ್ದ.

ಅದನ್ನು ಅವರು ಏರ್ ಲಿಫ್ಟ್ ಅನ್ನುತ್ತಾರೆ. ನಾನು ಗಾಳಿ ಏತ ಅನ್ನುತ್ತೇನೆ. ನಮ್ಮಜ್ಜ ಹಲಸೂರಿನ ತೋಟದಲ್ಲಿ ಏತದಿಂದ ನೀರೆತ್ತುತ್ತಿದ್ದರಂತೆ. ಅಲ್ಲಿ ಮನುಷ್ಯ ಎತ್ತಬೇಕಿತ್ತು, ಇಲ್ಲಿ ಗಾಳಿ ಎತ್ತುತ್ತದೆ. ನೀರಿನಲ್ಲಿ ಒಂದು ಕೊಳವೆ ನೆಟ್ಟಗೆ ನಿಲ್ಲಿಸಬೇಕು. ಹೊರಗಿಟ್ಟ ಪುಟ್ಟ ಏರ್ ಪಂಪಿನಿಂದ ಸಣ್ಣ ಟ್ಯೂಬಿನಲ್ಲಿ ಗಾಳಿ ಬಂದು ಆ ಕೊಳವೆಯ ಬುಡದಲ್ಲಿ ಗುಳ್ಳೆಯಾಗಿ ಹೊರಡುತ್ತದೆ. ಗುಳ್ಳೆ ಮೇಲೇರುವಾಗ ಕೊಳವೆಯ ನೀರನ್ನೂ ಹೊತ್ತು ತಂದು ಮೇಲಿನ ಡಬ್ಬಿಗೆ ಸುರಿಯುತ್ತದೆ. ಡಬ್ಬಿಯಲ್ಲಿ ಸ್ಪಂಜು, ಕಲ್ಲುಹರಳು. ಕೊಳೆಯೆಲ್ಲ ಅಲ್ಲಿ ನಿಂತು ತಿಳಿನೀರು ಮತ್ತೆ ತೊಟ್ಟಿಗೆ ಇಳಿಯುತ್ತದೆ. ಕರೆಂಟು ಹೊರಗೇ ಉಳಿಯುತ್ತದೆ, ನೀರಿಗೆ ಹೋಗುವುದು ಗಾಳಿ ಮಾತ್ರ. ಹಂಪಣ್ಣನಿಗೆ ಬೇಕಾಗಿದ್ದು ಅಷ್ಟೇ.

ನಮ್ಮ ಹಿತ್ತಲು ಅವನ ಕಾರ್ಖಾನೆಯಾಯಿತು. ಎಲ್ಲೆಲ್ಲೋ ಉಳಿದ ಪೈಪಿನ ತುಂಡು ತರುವನು, ಮೊಳೆ ಕಾಯಿಸಿ ತೂತು ಮಾಡುವನು, ನನ್ನ ಬಟ್ಟೆ ನೆನೆಸುವ ಡ್ರಮ್ಮಿನಲ್ಲೇ ಇಳಿಸಿ ಊದಿಸಿ ನೋಡುವನು. ತೂತು ದೊಡ್ಡದಾದರೆ ಗಾಳಿ ಭುಸ್ಸೆಂದು ಹೋಗಿ ನೀರು ಏರುವುದಿಲ್ಲ, ತೀರಾ ಸಣ್ಣದಾದರೆ ಉಸಿರುಕಟ್ಟುತ್ತದೆ ಅನ್ನುತ್ತಿದ್ದ. ಸರಿಯಾಗಿ ನೀರೆತ್ತಿದ ದಿನ, "ಅಕ್ಕಾರ, ಬರ್ರೀ, ಉಸಿರಾಡಾಕ ಹತ್ತೇದ" ಎಂದು ಕೂಗಿ ಕರೆದು ತೋರಿಸುವನು. ಆದಿಲ್ ಅಂಗಡಿಯ ಮೂಲಕ ಹಲಸೂರು, ದೊಮ್ಮಲೂರು ಅಂತ ಎಷ್ಟೋ ಮನೆಗಳಿಗೆ ಅವನ ಗಾಳಿ ಏತ ಹೋಯಿತು.

ಅವನಿಗೆ ಎರಡು ಪದ್ಧತಿ ಇದ್ದವು. ಒಂದು, ಪಂಪು ಯಾವತ್ತೂ ತೊಟ್ಟಿಯ ನೀರಿಗಿಂತ ಮೇಲೆ ಇರಬೇಕು. ಕೆಳಗಿಟ್ಟರೆ, ಕರೆಂಟು ಹೋಗಿ ಗಾಳಿ ನಿಂತ ತಕ್ಷಣ ನೀರು ಅದೇ ಟ್ಯೂಬಿನಲ್ಲಿ ವಾಪಸು ಹರಿದು ಪಂಪಿನೊಳಗೆ ಸೇರಬಹುದು. ಒಂದು ಸಲ ಇಳಿಯತೊಡಗಿದರೆ ತಾನಾಗಿ ನಿಲ್ಲುವುದಿಲ್ಲ. ಅದನ್ನು ತಡೆಯುವ ಪುಟ್ಟ ಬಿರಡೆ ಅಂಗಡಿಯಲ್ಲಿ ಸಿಗುತ್ತದೆ, ಇವನು ನಂಬುವವನಲ್ಲ. "ಅದರ ನಾಲಿಗಿಗೆ ಕಸ ಸಿಕ್ಕಂಡ್ರ ಮುಗೀತು. ಮ್ಯಾಲಿಟ್ರ ಯಾವ ಕಾಟಾನೂ ಇಲ್ಲ" ಅನ್ನುತ್ತಿದ್ದ. ಇನ್ನೊಂದು, ಪಂಪಿನ ಕೆಳಗೆ ಹವಾಯಿ ಚಪ್ಪಲಿಯ ಹಿಮ್ಮಡಿ ಭಾಗ ಕತ್ತರಿಸಿ ಇಡುತ್ತಿದ್ದ. ಆ ರಬ್ಬರಿನ ಮೇಲೆ ಕೂತರೆ ಪಂಪು ಗುಂಯ್‌ಗುಡುವುದಿಲ್ಲ. ನಮ್ಮ ಬೀದಿಯಲ್ಲಿ ಒಂಟಿ ಚಪ್ಪಲಿ ಬಿದ್ದಿದ್ದರೆ ಹಂಪಣ್ಣ ಇನ್ನೂ ಈ ಕಡೆ ಬಂದಿಲ್ಲ ಅಂತ ಜನ ತಮಾಷೆ ಮಾಡುತ್ತಿದ್ದರು.

ಲಕ್ಷ್ಮಿದೇವಿ ಗಂಡನಿಗೆ ಪೂರ್ತಿ ಉಲ್ಟಾ. ಒದ್ದೆ ಕೈಯಲ್ಲೇ ಸ್ವಿಚ್ಚು ಒತ್ತುವವಳು. ಊಟಕ್ಕೆ ಕೂತರೆ ಸಾಕು, ಇವನ ಪುರಾಣ ಶುರುವಾಗುತ್ತಿತ್ತು. ನೆಲದ ಮ್ಯಾಲ ನೀರು ಕಂಡ್ರ ಮೊದಲ ಚಪ್ಪಲ್ ಮೆಟ್ಟಿಕೋ, ಬರಿಗಾಲಾಗ ಹೋಗಬ್ಯಾಡ, ಕೈ ಹಾಕಬ್ಯಾಡ, ಕೋಲು ತಗೋ. ದಿನಾ ಅದೇ. "ಮಂದಿ ಮನಿಯಾಗ ನೆಲ ಒರಸಾಕ ಚಪ್ಪಲ್ ಹಾಕ್ಕೊಂಡು ಹೋಗ್ಲೇನು? ಒದ್ದು ಹೊರಗ ಹಾಕ್ತಾರ" ಎಂದು ಅವಳು ರೇಗುತ್ತಿದ್ದಳು. ಗೋಡೆಯ ಈಚೆಗೆ ಕೂತ ನನಗೆ ಇಬ್ಬರ ಮಾತೂ ಬಾಯಿಪಾಠವಾಗಿತ್ತು.

ಅವಳು ಕೆಲಸಕ್ಕೆ ಹೋಗುತ್ತಿದ್ದ ಮನೆಗಳಲ್ಲಿ ಇಂದಿರಾನಗರದ ಸುಗತ ಅವರದೂ ಒಂದು. ಅಪ್ಪನ ಕಾಲದ ಹಳೇ ಮನೆ, ವೈರಿಂಗೂ ಅಪ್ಪನ ಕಾಲದ್ದೇ. ಗಂಡ ಹೆಂಡತಿ ಇಬ್ಬರೂ ದೊಮ್ಮಲೂರಿನ ಕಡೆ ಆಫೀಸಿಗೆ ಹೋಗುತ್ತಾರೆ, ಬೀಗದ ಕೈ ಲಕ್ಷ್ಮಿದೇವಿಯ ಹತ್ತಿರ. ಮನೆಯ ಹಾಲ್‌ನಲ್ಲಿ ದೊಡ್ಡ ಮೀನಿನ ತೊಟ್ಟಿ. ಅದರೊಳಗೂ ಮೋಟಾರಿದೆ ಅಂತ ಅವಳ ಬಾಯಿಂದ ಕೇಳಿದ ದಿನ ಹಂಪಣ್ಣನಿಗೆ ಊಟ ಸೇರಲಿಲ್ಲ. ಮಾರನೇ ದಿನವೇ ಹೋಗಿ, ಸುಗತ ಅವರನ್ನು ಕಾಡಿ ಬೇಡಿ, ಮೋಟಾರು ತೆಗೆಸಿ ತನ್ನ ಗಾಳಿ ಏತ ಕೂರಿಸಿದ. ತೊಟ್ಟಿಯ ಮೇಲಿನ ಗೋಡೆಗೆ ಒಂದು ಹಲಗೆ ಹೊಡೆದು ಪಂಪನ್ನು ಅದರ ಮೇಲಿಟ್ಟ. ಲೋಕದಲ್ಲಿ ಎಷ್ಟೋ ಗಂಡಂದಿರು ಹೆಂಡತಿಗೆ ಸೀರೆ ತರುತ್ತಾರೆ. ಇವನು ಅವಳು ಕೆಲಸ ಮಾಡುವ ಮನೆಯ ನೀರಿನಿಂದ ಕರೆಂಟು ತೆಗೆದುಕೊಟ್ಟ.

ಈ ಸಲ ಬುದ್ಧ ಪೂರ್ಣಿಮೆ ಕಳೆದ ಮೇಲೆ ಮಳೆಗಾಲ ಬರುವ ಮುಂಚೆ, ತಂತಿಗೆ ತಾಗುವ ಕೊಂಬೆ ಕಡಿಯಲು ನಮ್ಮ ಕಡೆ ಒಂದು ದಿನ ಬೆಳಿಗ್ಗೆಯೇ ಕರೆಂಟು ತೆಗೆದರು. ಅಡುಗೆಗೆ ನೀರಿಲ್ಲ, ಮೋಟಾರು ಹಾಕುವ ಹಾಗಿಲ್ಲ. ಬಿಸಿಲು ಏರಿದ ಮೇಲೆ ನಾನು ಹಂಪಣ್ಣನಿಗೆ ಫೋನು ಮಾಡಿದೆ. ಅವನು ಆದಿಲ್ ಅಂಗಡಿಯಲ್ಲಿದ್ದ.

"ಬೆಳಿಗ್ಗೆಯಿಂದ ಕರೆಂಟಿಲ್ಲ ಕಣೋ. ಸಂಪಿನಿಂದ ಒಂದ್ ಹನಿ ನೀರು ಏರಿಸಕ್ಕಾಗಿಲ್ಲ. ಬರ್ತಾ ಎರಡು ಕ್ಯಾನ್ ನೀರು ತಗೊಂಡ್ಬಾ."

"ಆತ್ರೀ ಅಕ್ಕಾರ. ನಮ್ಮ ಓಣಿಯಾಗ ಅಷ್ಟ ಹೋಗೇದೇನ್ರಿ?"

"ಇಂದಿರಾನಗರದಲ್ಲೂ ಇಲ್ವಂತೆ. ಮರ ಕಡೀತಿದ್ದಾರೆ. ಊಟದ ಹೊತ್ತಿಗೆ ಬರುತ್ತೆ ಅಂದ್ರು."

ಇಂದಿರಾನಗರ ಅಂದದ್ದೇ ತಡ, ಅವನು ನೀರಿನ ಮಾತು ಬಿಟ್ಟು ಕೇಳಿದ. "ಲಕ್ಷ್ಮಿ ಎಲ್ಲಿ ಅದಾಳ್ರೀ?"

"ಎಲ್ಲಿರ್ತಾಳೆ? ಸುಗತ ಅವರ ಮನೆಗೆ ಹೋದ್ಲು. ಫೋನಲ್ಲಿ ಚಾರ್ಜಿಲ್ಲ ಅಂತ ಬೈಕೊಂಡು ಇಲ್ಲೇ ಬಿಟ್ಟು ಹೋಗಿದ್ದಾಳೆ."

"ಅಕ್ಕಾರ, ಪಂಪು ಕೆಳಗದ."

ನನಗೆ ಅರ್ಥವಾಗಲಿಲ್ಲ. ಅವನು ಅಳುತ್ತಾ ಹೇಳಿದ್ದನ್ನೆಲ್ಲ ಕೂಡಿಸಿಕೊಂಡರೆ ಆಗಿದ್ದು ಇಷ್ಟು. ಸುಗತ ಅವರು ಬೌದ್ಧರು. ಪೂರ್ಣಿಮೆಯ ದಿನ ಮನೆಗೆ ಹೊಸ ಬುದ್ಧನ ಮೂರ್ತಿ ತಂದು, ತೊಟ್ಟಿಯ ಮೇಲಿನ ಆ ಹಲಗೆಯ ಮೇಲೇ ಇಟ್ಟಿದ್ದಾರೆ. ಕರೆಂಟು ತೆಗೆದ ಹಿಂದಿನ ದಿನ ಸ್ಪಂಜು ತೊಳೆಯಲು ಹೋದ ಹಂಪಣ್ಣ ತಲೆ ಎತ್ತಿ ನೋಡುತ್ತಾನೆ: ಹೂವಿಟ್ಟ ಮೂರ್ತಿ, ಅದರ ಮಗ್ಗುಲಿಗೇ ಬೀದಿಯಲ್ಲಿ ಹೆಕ್ಕಿದ ಚಪ್ಪಲಿಯ ಹಿಮ್ಮಡಿ. ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೂರ್ತಿಗೆ ಕೈಮುಗಿದು ಕೆನ್ನೆ ಬಡಿದುಕೊಂಡು, ಪಂಪನ್ನೂ ಚಪ್ಪಲಿ ತುಂಡನ್ನೂ ತೆಗೆದು ತೊಟ್ಟಿಯ ಕೆಳಗಿನ ಕಪಾಟಿನಲ್ಲಿ, ನೆಲದ ಮೇಲಿದ್ದ ಪ್ಲಗ್ಗಿನ ಡಬ್ಬಿಯ ಪಕ್ಕ ಇಟ್ಟ. ನಾಳೆ ಬಂದು ಬೇರೆ ಕಡೆ ಹಲಗೆ ಹೊಡೆದರಾಯಿತು ಅಂದುಕೊಂಡ. ನಾಚಿಕೆಗೆ ಹೆಂಡತಿಗೂ ಹೇಳಲಿಲ್ಲ. ನಾಳೆ ಎಂದವನ ಮನೆ ಹಾಳು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಬೆಳಿಗ್ಗೆಯಿಂದ ಕರೆಂಟಿಲ್ಲ. ಅಂದರೆ ಬೆಳಿಗ್ಗೆಯಿಂದಲೂ ತೊಟ್ಟಿಯ ನೀರು ಆ ಟ್ಯೂಬಿನಲ್ಲಿ ಇಳಿದು, ಪಂಪು ತುಂಬಿ, ಪ್ಲಗ್ಗಿನ ಡಬ್ಬಿ ನೆನೆದು, ಹಾಲಿನ ನೆಲಕ್ಕೆ ಹರಡುತ್ತಿದೆ. ಲಕ್ಷ್ಮಿದೇವಿ ಬರಿಗಾಲಿನಲ್ಲಿ ಆ ನೆಲ ಒರೆಸುತ್ತಾಳೆ. ಕರೆಂಟು ಇಲ್ಲದಷ್ಟು ಹೊತ್ತೂ ಅದು ಬರೀ ನೀರು. ಬಂದ ಗಳಿಗೆಯಲ್ಲಿ ಕೆ.ಆರ್. ಪುರದ ಗುಂಡಿ.

"ಸುಗತ ಸರ್ ಫೋನ್ ಕಟ್ ಮಾಡಾಕ ಹತ್ಯಾರ, ಮೀಟಿಂಗ್‌ನಾಗ ಅದಾರಂತ. ನೀವು ಹತ್ರ ಇದ್ದೀರಿ ಅಕ್ಕಾರ, ನೀವು ಹೋಗ್ರೀ. ಮನಿ ಮಗ್ಗುಲ ಸಂದಿಯಾಗ ಮೇನ್ ಅದ, ಅದನ್ನ ಕೆಳಗ ಎಳೀರಿ. ಅಕಿಗೆ ಹಾಲಿನಾಗ ಕಾಲಿಡಬ್ಯಾಡ ಅನ್ರಿ. ನಾ ಹೊಂಟೀನಿ."

ಫೋನಿನಲ್ಲೇ ಆದಿಲ್ ಅಂಗಡಿಯ ಶಟರು ಧಡಾರನೆ ಬಿದ್ದದ್ದು, ಸ್ಕೂಟರು ಶುರುವಾದದ್ದು ಕೇಳಿಸಿತು.

ನನ್ನ ಮಂಡಿಗಳ ಕಥೆ ನಮ್ಮ ಬೀದಿಗೇ ಗೊತ್ತು. ಹಾಲಿನ ಅಂಗಡಿಗೆ ಹೋಗಿ ಬರಲು ಗೋಡೆ ಹಿಡಿಯುವವಳು ನಾನು. ಅವತ್ತು ಹೇಗೆ ಹೋದೆನೋ ತಿಳಿಯದು. ಉಟ್ಟ ಸೀರೆಯಲ್ಲೇ, ಬಾಗಿಲು ಹಾಕದೆ ಹೊರಟೆ. ಬೀದಿಯ ಕೊನೆಯಲ್ಲಿ ಆಟೋ ಕರೆದರೆ ಅಷ್ಟು ಹತ್ತಿರಕ್ಕೆ ಬರಲ್ಲ ಅಂದ. ಅವನ ಏಳು ತಲೆಮಾರಿಗೂ ತಲುಪುವಂತೆ ತಮಿಳಿನಲ್ಲಿ ಬೈದು ನಡೆದೆ. ದಾರಿಯುದ್ದಕ್ಕೂ ಕಿವಿ ಅಂಗಡಿಗಳ ಜನರೇಟರಿನ ಮೇಲೇ. ಅವು ಗಡಗಡ ಅನ್ನುತ್ತಿರುವಷ್ಟು ಹೊತ್ತು ಕರೆಂಟು ಬಂದಿಲ್ಲ, ಲಕ್ಷ್ಮಿದೇವಿ ಬದುಕಿದ್ದಾಳೆ. ಯಾವುದಾದರೂ ಒಂದು ನಿಂತ ಹಾಗೆ ಅನ್ನಿಸಿದರೆ ನನ್ನ ಉಸಿರೂ ನಿಲ್ಲುತ್ತಿತ್ತು. ಹುಟ್ಟಿದಾಗಿನಿಂದ ಕರೆಂಟು ಬರಲಪ್ಪಾ ಅಂತ ಬೇಡಿಕೊಂಡವಳು, ಅವತ್ತು ಯಲ್ಲಮ್ಮ ತಾಯಿಗೆ ಬರಬಾರದು, ಬರಬಾರದು ಅಂತ ಹರಕೆ ಹೊತ್ತೆ.

ಸಿ.ಎಂ.ಎಚ್. ರಸ್ತೆ ದಾಟಿದ ಮೇಲೆ ಒಂದು ಮರದ ಕೆಳಗೆ ಲೈನಿನ ಕೆಲಸದವರು ಏಣಿ ಮಡಚುತ್ತಿದ್ದರು. ಕಡಿದ ಕೊಂಬೆಗಳು ರಾಶಿ ಬಿದ್ದಿದ್ದವು. ಕೆಲಸ ಮುಗಿದಿದೆ ಅಂತ ತಿಳಿದು ಅವರ ಏಣಿಗೇ ಕೈ ಹಾಕಿ ನಿಲ್ಲಿಸಿದೆ.

"ಅಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದ್ ಸ್ವಲ್ಪ ಹೊತ್ತು ಕರೆಂಟ್ ಹಾಕ್ಬೇಡಿ."

ಅವರಲ್ಲೊಬ್ಬ ನಕ್ಕ. "ಏನಮ್ಮಾ, ಎಲ್ಲಾರು ಬೇಗ ಹಾಕಿ ಅಂತ ಪ್ರಾಣ ತಿಂತಾರೆ, ನೀವು ಬೇಡ ಅಂತೀರಾ?"

"ಒಂದು ಜೀವ ಹೋಗುತ್ತೆ ಕಣಪ್ಪಾ!"

ಅವನ ನಗು ಆರಿತು. ಆದರೂ ಅವನು ಏನು ಮಾಡಿಯಾನು? "ನಮ್ ಕೈಲಿಲ್ಲಮ್ಮ. ಮುಗೀತು ಅಂತ ಆಗ್ಲೇ ಹೇಳ್ಬಿಟ್ವಿ, ಇನ್ನೇನು ಸಬ್‌ಸ್ಟೇಷನ್ನಿಂದ ಹಾಕ್ಬಿಡ್ತಾರೆ. ನಿಲ್ಸಕ್ಕೆ ಫೋನ್ ಮಾಡ್ತೀನಿ, ಎತ್ಕೊಂಡ್ರೆ ನಿಮ್ ಪುಣ್ಯ" ಎಂದು ಫೋನು ತೆಗೆದ. ಅವರು ಎತ್ತಿಕೊಂಡರೋ ಇಲ್ಲವೋ ನೋಡಲು ನಾನು ನಿಲ್ಲಲಿಲ್ಲ.

ಸುಗತ ಅವರ ಗೇಟು ಬರೀ ಚಿಲಕ ಹಾಕಿತ್ತು. ಒಳಗೆ ನುಗ್ಗಿ, ತಲೆ ಕೆಟ್ಟವಳ ಹಾಗೆ ಮೊದಲು ಕರೆಗಂಟೆ ಒತ್ತಿದೆ. ಕರೆಂಟಿಲ್ಲದೆ ಅದು ಎಲ್ಲಿ ಕೂಗೀತು? ಬಾಗಿಲು ಬಡಿದೆ. ಒಳಗೆ ಬಕೆಟ್ಟಿನ ಸದ್ದು, ಲಕ್ಷ್ಮಿದೇವಿ ಏನೋ ಗೊಣಗುವುದು ಕೇಳಿಸುತ್ತಿತ್ತು, ಬಾಗಿಲು ತೆಗೆಯಲಿಲ್ಲ. ಹಂಪಣ್ಣ ಹೇಳಿದ ಮಗ್ಗುಲ ಸಂದಿಯ ಕಡೆ ಓಡಿದೆ. ಸಂದಿಗೆ ತಿರುಗುವಲ್ಲಿ ಹಾಲಿನ ಕಿಟಕಿ. ಅದರಲ್ಲಿ ಕಣ್ಣು ಹಾಯಿಸಿದವಳು ಮೇನ್ ಸ್ವಿಚ್ಚನ್ನೂ ಮರೆತೆ, ಹಂಪಣ್ಣ ಹೇಳಿದ್ದನ್ನೂ ಮರೆತೆ.

ತೊಟ್ಟಿಯ ನೀರು ಅರ್ಧಕ್ಕೆ ಇಳಿದಿತ್ತು. ನೆಲವೆಲ್ಲ ನೀರು, ಕಿಟಕಿಯ ಬೆಳಕಿಗೆ ಹೊಳೆಯುತ್ತಿತ್ತು. ಅದರ ನಟ್ಟ ನಡುವೆ ಲಕ್ಷ್ಮಿದೇವಿ ನಿಂತಿದ್ದಾಳೆ, ಸೀರೆ ಎತ್ತಿ ಸಿಕ್ಕಿಸಿಕೊಂಡು, ಉದ್ದ ಕೋಲಿನ ಒರೆಸುಬಟ್ಟೆಯಿಂದ ನೀರನ್ನು ಬಚ್ಚಲ ಕಡೆ ನೂಕುತ್ತಿದ್ದಾಳೆ.

"ಲಕ್ಷ್ಮೀ! ಈಚೆ ಬಾರೇ! ಈಚೆ ಬಾ!"

ಅವಳು ಬೆಚ್ಚಿ ತಿರುಗಿದಳು. ನನ್ನನ್ನು ನೋಡಿದವಳೇ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಸೀರೆ ಕೆಳಗೆ ಬಿಟ್ಟುಕೊಂಡಳು. ಅಷ್ಟರಲ್ಲಿ ಅವಳ ತಲೆಯ ಮೇಲಿನ ಫ್ಯಾನು ತಿರುಗಿತು.

ಕಪಾಟಿನೊಳಗಿಂದ ಫಟ್ ಅಂತ ಸದ್ದು, ನೀಲಿ ಬೆಳಕು, ಸುಟ್ಟ ವಾಸನೆ. ನಾನು ಕಣ್ಣು ಮುಚ್ಚಿಕೊಂಡೆ. ದಣಿದವಳ ಹಾಗೆ ಕೂರುತ್ತಾಳೆ, ಕೂಗುವುದೂ ಇಲ್ಲ ಅಂತ ನನಗೆ ಗೊತ್ತಿತ್ತಲ್ಲ. ಆ ಕೂರುವುದನ್ನು ನೋಡುವ ಧೈರ್ಯ ನನಗಿರಲಿಲ್ಲ.

"ಅಕ್ಕಾರ?"

ಕಣ್ಣು ಬಿಟ್ಟರೆ ಅಲ್ಲೇ ನಿಂತಿದ್ದಾಳೆ. ಕಪಾಟಿನ ಸಂದಿಯಲ್ಲಿ ಇನ್ನೂ ಚಿಟಿಚಿಟಿ ಕಿಡಿ ಹಾರುತ್ತಿತ್ತು. "ಅಲ್ಲಾಡಬೇಡ! ಏನೂ ಮುಟ್ಟಬೇಡ! ನಿಂತಲ್ಲೇ ನಿಲ್ಲು!" ಎಂದು ಅರಚಿದೆ. ನನ್ನ ಕಾಲು ಮಾತ್ರ ಕಿಟಕಿ ಬಿಟ್ಟು ಏಳಲಿಲ್ಲ. ಕಂಬಿ ಹಿಡಿದು ನಿಂತೇ ಇದ್ದೆ. ಗೇಟಿನ ಹೊರಗೆ ಸ್ಕೂಟರು ಬಂದು ಬಿದ್ದ ಸದ್ದಾಯಿತು. ಹಂಪಣ್ಣ ನನ್ನ ಪಕ್ಕದಿಂದ ಗಾಳಿಯ ಹಾಗೆ ಸಂದಿಗೆ ಹೋದ. ಲಟ್ಟಣಿಗೆ ಇರಲಿಲ್ಲ, ಚೀಲ ಅಂಗಡಿಯಲ್ಲೇ ಉಳಿದಿತ್ತು. ಸ್ವಿಚ್ಚಿಗೆ ಬೆರಳು ತಾಗಿಸದ ಮನುಷ್ಯ ಆ ಹಳೇ ಕಬ್ಬಿಣದ ಮೇನನ್ನು ಬರಿಗೈಯಲ್ಲಿ ಹಿಡಿದು ಕೆಳಕ್ಕೆ ಎಳೆದ. ಫ್ಯಾನು ನಿಂತಿತು.

ಸ್ಕೂಟರಿನಲ್ಲಿ ಜೊತೆಗೆ ಬಂದಿದ್ದ ಆದಿಲ್ ಬಾಗಿಲಿಗೆ ಭುಜ ಕೊಡುವಷ್ಟರಲ್ಲಿ ಲಕ್ಷ್ಮಿದೇವಿಯೇ ಬಂದು ಚಿಲಕ ತೆಗೆದಳು. ತೆಗೆದವಳು ನಮ್ಮ ಮೂವರ ಮುಖ ನೋಡಿ ಅಳುವ ದನಿಯಲ್ಲಿ ಹೇಳಿದ ಮೊದಲ ಮಾತು ಇದು:

"ಸರ್ ಮುಂದ ಹೇಳಬ್ಯಾಡ್ರೀ ಅಕ್ಕಾರ. ನೆಲದ ಮ್ಯಾಲ ನೀರಿತ್ತು, ಅದಕ ಮೆಟ್ಟಿಕೊಂಡೆ. ಇವರು ದಿನಾ ಬಡಕೋತಾರಲ್ಲ, ಅದು ತಲ್ಯಾಗ ಕೂತುಬಿಟ್ಟದ. ದೇವರ ಮುಂದ ಮೆಟ್ಟಬಾರದಿತ್ತು, ತಪ್ಪಾತು."

ಆಗ ನಾವು ಅವಳ ಕಾಲು ನೋಡಿದ್ದು. ರಬ್ಬರಿನ ಹವಾಯಿ ಚಪ್ಪಲಿ. ಬುದ್ಧನ ಮುಂದೆ ಚಪ್ಪಲಿ ಮೆಟ್ಟಿದ್ದನ್ನು ನೋಡಿಬಿಟ್ಟರಲ್ಲ ಅಂತಲೇ ಅವಳು ಅಷ್ಟು ಹೊತ್ತೂ ಹೆದರಿದ್ದಳು, ಬಾಗಿಲು ಬಡಿದಾಗ ತೆಗೆಯದಿದ್ದದ್ದೂ ಅದಕ್ಕೇ. ಮಾಲೀಕರೇ ಬಂದರೇನೋ ಅಂದುಕೊಂಡಿದ್ದಳಂತೆ.

ಹಂಪಣ್ಣ ಹೊಸಿಲ ಮೇಲೆ ಕುಸಿದು ಕೂತು ಅವಳ ಎರಡೂ ಪಾದಗಳನ್ನು ಚಪ್ಪಲಿಯ ಸಮೇತ ತಬ್ಬಿ ಹಿಡಿದ. "ಬಿಡ್ರಿ, ಮಂದಿ ನೋಡ್ತಾರ" ಎಂದು ಅವಳು ಬಗ್ಗಿ ಬಿಡಿಸುತ್ತಾಳೆ, ಇವನು ಬಿಡುವುದಿಲ್ಲ. ಆದ ಕಥೆ ಹೇಳುವ ಕೆಲಸ ನನಗೇ ಬಿತ್ತು. ಹೇಳುತ್ತಾ ಹೋದ ಹಾಗೆ ಅವಳ ಕೈ ನಿಂತಿತು. ಹಿಂದಿರುಗಿ ಆ ನೀರನ್ನು ನೋಡಿದಳು. ಆಮೇಲೆ ಅವಳೂ ಅವನ ಪಕ್ಕದಲ್ಲೇ ಕೂತುಬಿಟ್ಟಳು.

ಆ ಭಾನುವಾರ ಸುಗತ ಅವರು ನಮ್ಮನ್ನೆಲ್ಲ ಮನೆಗೆ ಕರೆದರು. ಕೆಲಸ ಹೋಯಿತು ಅಂತಲೇ ಹಂಪಣ್ಣ, ಲಕ್ಷ್ಮಿದೇವಿ ಮುಖ ಸಪ್ಪೆ ಮಾಡಿಕೊಂಡು ಬಂದಿದ್ದರು. ಮನೆಗೆ ಹೊಸ ವೈರು ಎಳೆಸುವ ಕೆಲಸ ಆಗಲೇ ನಡೆದಿತ್ತು. ಹಂಪಣ್ಣ ಚಪ್ಪಲಿ ತುಂಡಿನ ವಿಷಯ ತಲೆ ತಗ್ಗಿಸಿ ಒಪ್ಪಿಸಿದ. ಸುಗತ ಅವರಿಗೆ ಸಿಟ್ಟು ಬಂದದ್ದು ನಿಜ.

"ನನ್ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ ಹಂಪಣ್ಣ? ಬುದ್ಧರ ಪಕ್ಕ ಚಪ್ಪಲಿ ಇದ್ರೆ ನಮಗೆ ಅವಮಾನ ಇಲ್ಲ. ಅವರ ಕಣ್ಣೆದುರಿಗೆ ಒಂದು ಜೀವ ಹೋಗಿದ್ರೆ ನಾನು ಆ ಮೂರ್ತಿನ ಯಾವ ಮುಖ ಇಟ್ಕೊಂಡು ನೋಡ್ಲಿ?"

"ಮೂರ್ತಿ ಮುಂದ ನಿಂತು ಚಪ್ಪಲ್ ಅಂತ ಬಾಯಿ ಬಿಡಾಕ ನಾಚಿಕಿ ಆತ್ರೀ ಸರ್."

ಸುಗತ ಅವರು ಹಂಪಣ್ಣ ತಂದಿದ್ದ ಹೊಸ ಪಂಪನ್ನೂ, ಕಪಾಟಿನಲ್ಲಿ ಬಿದ್ದಿದ್ದ ಆ ಚಪ್ಪಲಿ ತುಂಡನ್ನೂ ತಾವೇ ಎತ್ತಿ, ಹಲಗೆಯ ಮೇಲೆ ಬುದ್ಧನ ಮಗ್ಗುಲಿಗೆ ಇಟ್ಟರು. ಹಂಪಣ್ಣ ಅದನ್ನು ನೋಡಲಾರದೆ ಗೋಡೆಯ ಕಡೆ ತಿರುಗಿ ನಿಂತಿದ್ದ. ಆಮೇಲೆ ಚೀಲದಿಂದ ನನ್ನ ಲಟ್ಟಣಿಗೆ ತೆಗೆದು ಸ್ವಿಚ್ಚು ಒತ್ತಿದ. ನಾನು ನಗಲಿಲ್ಲ. ಕೊಳವೆಯ ಬಾಯಿಂದ ನೀರು ಗುಳುಗುಳು ಎಂದು ಏರಿ ಡಬ್ಬಿಗೆ ಬಿತ್ತು, ಉಳಿದ ಮೀನುಗಳು ಆ ಕಡೆಗೆ ಹೋದವು.

ತೊಟ್ಟಿ ತುಂಬಿಸುವಾಗ ನೆಲಕ್ಕೆ ಒಂದಿಷ್ಟು ನೀರು ಚೆಲ್ಲಿತ್ತು. ಒರೆಸಲು ಲಕ್ಷ್ಮಿದೇವಿ ಬಕೆಟ್ಟು ಹಿಡಿದು ಬಂದಳು. ಅಭ್ಯಾಸಬಲ, ಚಪ್ಪಲಿ ಬಾಗಿಲ ಹೊರಗೇ ಬಿಟ್ಟಿದ್ದಳು. ಹಂಪಣ್ಣ ಅವಳ ಕಾಲನ್ನು ನೋಡಿದ. ಅವಳು ಒಂದು ಸಲ ಬುದ್ಧನನ್ನು ನೋಡಿದಳು, ಒಂದು ಸಲ ಸುಗತ ಅವರನ್ನು ನೋಡಿದಳು. ಬಕೆಟ್ಟು ಕೆಳಗಿಟ್ಟು ಬಾಗಿಲಿಗೆ ಹೋಗಿ, ಚಪ್ಪಲಿ ಮೆಟ್ಟಿಕೊಂಡು ಒಳಗೆ ಬಂದಳು.